ಗ್ರಹಣದ ದಿನ ತೆಗೆದ ಬುಲ್‌ಬುಲ್ ಫೋಟೋ

ಕತ್ತರಿ ನನ್ನ ಕೈಯಲ್ಲೇ ಇತ್ತು ಎನ್ನುತ್ತೇನೆ, ಆದರೆ ಹಾಗೆನ್ನುವಾಗಲೆಲ್ಲ ಅನುಮಾನ ಬರುತ್ತದೆ. ಅದರ ಹಿಡಿಯ ತಂಪು ನೆನಪಿದೆ. ಎಲೆ ತುಂಡಾದ ಸದ್ದು ನೆನಪಿದೆ. ಮಲ್ಲಿಗೆ ಬಳ್ಳಿಯ ಸಂದಿನಿಂದ ಗೋಡೆಯ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಸಣ್ಣ ಸಣ್ಣ ಕುಡುಗೋಲಿನಂತೆ ಬಾಗಿದ್ದದ್ದೂ ನೆನಪಿದೆ. ಅಕ್ಕ ಮಾತ್ರ ಆ ಬೆಳಿಗ್ಗೆ ಮೋಡ ಕವಿದಿತ್ತು, ಸೂರ್ಯ ಕಾಣಲೇ ಇಲ್ಲ ಎನ್ನುತ್ತಾಳೆ. ಹಾಗಾದರೆ ಆ ಕುಡುಗೋಲುಗಳನ್ನು ನಾನು ಮುಂದೆಂದೋ ಟಿವಿಯಲ್ಲಿ ಇನ್ನೊಂದು ಗ್ರಹಣ ತೋರಿಸುವಾಗ ನೋಡಿ ನಮ್ಮ ಮನೆಯ ಗೋಡೆಗೆ ಅಂಟಿಸಿಕೊಂಡಿರಬೇಕು. ಕತ್ತರಿಯನ್ನೂ ಹಾಗೆಯೇ ಎಲ್ಲಿಂದಲೋ ತಂದು ನನ್ನ ಕೈಗೆ ಕೊಟ್ಟುಕೊಂಡಿದ್ದೇನೆಯೇ?

ಫೋನಿನಲ್ಲಿ ಫೋಟೋ ತೆಗೆಯುವುದು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ಬಸವಕಲ್ಯಾಣದ ನಮ್ಮ ಮನೆಯ ಹಿಂದೆ ಒಂದು ನಿಂಬೆಗಿಡ, ನಾಲ್ಕು ಸಾಲು ಮೆಂತ್ಯೆ, ಅಕ್ಕನ ಕೋಣೆಯ ಕಿಟಕಿಗೆ ಹಬ್ಬಿದ ಮಲ್ಲಿಗೆ, ಇಷ್ಟೇ ನಮ್ಮ ತೋಟ. ನನಗೆ ಹತ್ತು ವರ್ಷ. ಅಕ್ಕ ಚೊಚ್ಚಲ ಹೆರಿಗೆಗೆಂದು ಹುಮನಾಬಾದಿನ ಗಂಡನ ಮನೆಯಿಂದ ಬಂದಿದ್ದಳು. ಕುಬಸದ, ಅಂದರೆ ಸೀಮಂತದ, ಫೋಟೋ ತೆಗೆಯಲು ತಂದಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ಭಾವ ಅವಳ ಹತ್ತಿರವೇ ಬಿಟ್ಟುಹೋಗಿದ್ದರು.

ಬುಲ್‌ಬುಲ್ ಜೋಡಿ ಆ ಕಿಟಕಿಯ ಬಳ್ಳಿಯಲ್ಲೇ ಗೂಡು ಕಟ್ಟಿತು. ಹುಟ್ಟಲಿರುವ ಕೂಸಿಗೆ ಅಕ್ಕ ಕುಂಚಿಗೆ ಹೊಲಿಯುತ್ತಿದ್ದಳು. ಅದರಿಂದ ಉದುರಿದ ಕೇಸರಿ ದಾರವೊಂದು ಗೂಡಿನಲ್ಲಿ ಕಂಡಾಗ ಅವಳು ಹಿಗ್ಗಿದಳು. "ನೋಡಲೇ, ನಮ್ಮ ಬಟ್ಟಿ ಅವಕ್ಕೂ ಆತು!" ಮೂರು ಮೊಟ್ಟೆ, ಆಮೇಲೆ ಮೂರು ಮರಿ. ದಿನಾ ನಾನು ತಲೆಕೆಳಗಾಗಿಟ್ಟ ಡಬ್ಬಿಯ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದೆ. ದಿನಾ ಒಂದಲ್ಲ ಒಂದು ಎಲೆ ಅಡ್ಡ ಬಂದು ಬೆಳ್ಳಗೆ ಹೊಳೆಯುತ್ತಿತ್ತು. ಅದರ ಹಿಂದೆ ಮರಿಗಳು ಬರೀ ಕಪ್ಪು.

ಅಷ್ಟರಲ್ಲಿ ಸೂರ್ಯಗ್ರಹಣ ಬಂತು. ನಮ್ಮ ಅಜ್ಜಿ, ಅವಳನ್ನು ನಾವು ಆಯಿ ಎನ್ನುತ್ತಿದ್ದೆವು, ನೀರಿನ ಕೊಡದ ಮೇಲೆ, ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟಳು. ಸೂಜಿ, ಕತ್ತರಿ, ಈಳಿಗೆ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಹಾಕಿದಳು.

"ಬಸುರಿ ಹೆಂಗಸು ಗ್ರಹಣದಾಗ ಏನರ ಕತ್ತರಿಸಿದ್ರ ಕೂಸಿನ ತುಟಿ ಸೀಳ್ತದ."

"ಮತ್ತ ಅಕ್ಕನ ಸಲುವಾಗಿ ನಾ ಕತ್ತರಿಸಿದ್ರ, ಆಯಿ?"

"ನೀ ಯಾಕ ಕತ್ತರಸ್ತಿ? ಚುಪ್ ಕೂಡು."

ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮುಂದೆ ಇಡೀ ಮಳೆಗಾಲ ನಾನು ಹೆದರಿದ್ದು ಆ ಸಿಗದ ಉತ್ತರಕ್ಕೆ.

ಗ್ರಹಣದ ಮರುದಿನವೇ ಭಾವ ಬಂದು ಕ್ಯಾಮೆರಾ ಒಯ್ಯುವವರಿದ್ದರು. ಗ್ರಹಣ ಹಿಡಿದಾಗ ಆಯಿ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದಳು. ಓಣಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಹಕ್ಕಿಗಳೂ ಸುಮ್ಮನಾಗಿದ್ದವು. ನಾನು ಹಿಂದಿನ ಬಾಗಿಲಿನಿಂದ ಹೋಗಿ ಡಬ್ಬಿ ಹತ್ತಿದೆ. ಒಳಗಿನಿಂದ ಅಕ್ಕ ಪರದೆಯನ್ನು ನಾಲ್ಕು ಬೆರಳಷ್ಟು ಸರಿಸಿದಳು.

"ಎಲಿ ಅಡ್ಡ ಬರಾಕತ್ತಾವ."

"ಜರಾ ಸರಸಬೇಕು."

"ಸರಸಿದ್ರ ಮತ್ತ ಬರ್ತಾವ."

"ಕತ್ತರಸಿಬಿಡೂಣು. ಮೂರೇ ಎಲಿ."

ಈ ಕೊನೆಯ ಮಾತು ಯಾರದು? ನನಗೆ ಅದು ಅಕ್ಕನ ದನಿಯಲ್ಲೂ ಕೇಳಿಸುತ್ತದೆ, ನನ್ನ ದನಿಯಲ್ಲೂ ಕೇಳಿಸುತ್ತದೆ. ಪೆಟ್ಟಿಗೆಯಿಂದ ಕತ್ತರಿ ಬಂತು. ಒಬ್ಬಳು ಬಳ್ಳಿ ಹಿಡಿದು ಕತ್ತರಿಸಿದಳು, ಇನ್ನೊಬ್ಬಳು ಫೋಟೋ ತೆಗೆದಳು. ಅಂದು ಮರಿಗಳು ಮೊದಲ ಸಲ ಸ್ಪಷ್ಟವಾಗಿ ಬಂದವು. ಮೂರು ಕೆಂಪು ಬಾಯಿ, ಮೂರೂ ತೆರೆದಿದ್ದವು.

ಗ್ರಹಣ ಬಿಟ್ಟ ಮೇಲೆ ಸ್ನಾನ, ಬಿಸಿ ರೊಟ್ಟಿ, ಪುಂಡಿಪಲ್ಯ. ತುತ್ತು ಗಂಟಲಲ್ಲಿ ಇಳಿಯುವ ಮೊದಲೇ ಆಯಿ ಹಿತ್ತಲಿನಿಂದ ಮೂರು ಎಲೆ ಹಿಡಿದು ಬಂದಳು.

"ಇವು ಯಾರು ಕತ್ತರಿಸಿದ್ದು?"

"ಆಡು ತಿಂದಿರಬೇಕು," ಎಂದೆ ನಾನು.

"ಆಡಿಗಿ ಕತ್ತರಿ ಹಿಡಿಯಾಕ ಬರ್ತದೇನು?"

ಆಯಿ ಬೈಯಲಿಲ್ಲ. ಒಂದು ಹಿಡಿ ಉಪ್ಪು ತಂದು ಅಕ್ಕನಿಗೆ ನಿವಾಳಿಸಿ ಒಲೆಗೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು. ಬೈದಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗೂಡು ಖಾಲಿ. ಒಂದು ಪುಕ್ಕವಿಲ್ಲ, ರಕ್ತವಿಲ್ಲ. ಕೇಸರಿ ದಾರ ಇದ್ದಲ್ಲೇ ಇತ್ತು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹಸಿರು ಹುಳ ಹಿಡಿದು ಕಿಟಕಿಯ ಸರಳಿನ ಮೇಲೆ ಕೂತು ಗೂಡಿನೊಳಗೆ ನೋಡಿತು, ಹಾರಿತು, ಮತ್ತೆ ಅದೇ ಹುಳ ಹಿಡಿದು ಬಂತು. ಅಕ್ಕನ ಕೈ ಹೊಟ್ಟೆಯ ಮೇಲೆ ಹೋಯಿತು.

"ಎಲಿ ಕತ್ತರಿಸಿದ್ದು ಯಾರ ಮುಂದೂ ಹೇಳಬ್ಯಾಡ."

"ಹೂಂ. ನಿನ್ನಾಣಿ."

"ನನ್ನ ಮ್ಯಾಲ ಆಣಿ ಹಾಕಬ್ಯಾಡ!" ಅವಳು ಚೀರಿದಳು.

ಅಂದಿನಿಂದ ಅವಳು ಕುಂಚಿಗೆ ಹೊಲಿಯುವುದನ್ನು ನಿಲ್ಲಿಸಿದಳು. ನಾನು ಕನ್ನಡಿಯ ಮುಂದೆ ನಿಂತು ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎರಡು ಭಾಗ ಮಾಡಿ ನೋಡುತ್ತಿದ್ದೆ. ಶಾಲೆಯಲ್ಲಿ ಯಾರು ಮಾತಾಡಿದರೂ ಅವರ ತುಟಿಯನ್ನೇ ನೋಡುತ್ತಿದ್ದೆ. ಎಲೆ ಕತ್ತರಿಸಿದ್ದರಿಂದ ಮರಿಗಳು ಹೋದವು. ಇನ್ನು ಸರದಿ ಕೂಸಿನದು. ಹತ್ತು ವರ್ಷದ ತಲೆಗೆ ಈ ಲೆಕ್ಕದಲ್ಲಿ ಒಂದು ತಪ್ಪೂ ಕಾಣಲಿಲ್ಲ.

ತವರಿಗೆ ಬಂದಿದ್ದರೂ, ಭಾವನ ಪರಿಚಯದ ಡಾಕ್ಟರ್ ಅಲ್ಲಿದ್ದಾರೆಂದು ಹೆರಿಗೆ ಹುಮನಾಬಾದಿನ ದವಾಖಾನೆಯಲ್ಲಾಯಿತು. ಆಯಿಯ ಜೊತೆ ಬಸ್ಸಿನಲ್ಲಿ ಹೋಗುವಾಗ ದಾರಿ ಮುಗಿಯದಿರಲಿ ಎಂದು ಬೇಡಿಕೊಂಡೆ. ಫಿನಾಯಿಲ್ ವಾಸನೆಯ ಆ ಕೋಣೆಯಲ್ಲಿ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಆಯಿ ಕೂಸಿನ ಮೇಲಿನ ಬಟ್ಟೆಗೆ ಕೈಯಿಟ್ಟಳು. ನಾನು ಕಣ್ಣು ಮುಚ್ಚಿದೆ.

"ಕಣ್ಣ ತಗಿ, ಖೋಡಿ," ಎಂದಳು ಅಕ್ಕ.

ತೆಗೆದೆ. ತುಟಿ ಇಡಿಯಾಗಿತ್ತು. ಪುಟ್ಟದು, ಹಾಲಿನಲ್ಲಿ ಒದ್ದೆಯಾಗಿತ್ತು.

"ಇವರಿಗೇನಾಗ್ಯದ? ಹೆತ್ತಾಕಿ ನಗಾಕತ್ತಾಳ, ನೋಡಾಕ ಬಂದಾಕಿ ಅಳಾಕತ್ತಾಳ!" ಎಂದು ಆಯಿ ಬೆರಗಾದಳು.

ಸಂಜೆ ಮನೆಗೆ ಬಂದಾಗ ಗೂಡು ಹಾಗೇ ಇತ್ತು. ನನಗೆ ಹಸಿವಾಗಿತ್ತು. ಅದರತ್ತ ನೋಡದೆ ಒಳಗೆ ಹೋದೆ. ಅಷ್ಟು ದಿನ ಹೆದರಿದವಳು ಆ ಮೂರು ಮರಿಗಳಿಗಾಗಿ ಒಂದು ದಿನವೂ ಅಳಲಿಲ್ಲ ಎಂದು ಹೊಳೆದದ್ದು ಬಹಳ ತಡವಾಗಿ.

ಆಯಿ ಈಗಿಲ್ಲ. ಬಳ್ಳಿ ಇದ್ದಲ್ಲಿ ಫರಸಿ ಕಲ್ಲು ಹಾಕಿಸಿದ್ದಾರೆ, ಮೋಟರ್‌ಸೈಕಲ್ ನಿಲ್ಲುತ್ತದೆ. ಆ ಕಿಟಕಿಗೆ ಕೂಲರ್ ಕೂರಿಸಿ ಎಷ್ಟೋ ವರ್ಷವಾಯಿತು. ಬುಲ್‌ಬುಲ್ ದನಿ ಪಕ್ಕದ ಓಣಿಯಿಂದ ಒಮ್ಮೊಮ್ಮೆ ಕೇಳುತ್ತದೆ. ಉಳಿದಿರುವುದು ಆ ಒಂದು ಫೋಟೋ. ಕಳೆದ ರಜೆಯಲ್ಲಿ ಹುಮನಾಬಾದಿಗೆ ಹೋದಾಗ ಅಕ್ಕನ ಮಗಳು ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಹುಡುಕಿ ತೆಗೆದಳು.

"ಮೌಶಿ, ಈ ಮರಿ ಮುಂದ ಏನಾದವು?"

"ಹಾರಿ ಹೋದವು."

ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಮತ್ತ ಬಾಜೂಕ ಬಳ್ಳಿ ಹಿಡದದ್ದು ಯಾರ ಬೆರಳು?"

"ನಂದು," ಎಂದೆ ನಾನು. "ನಂದು," ಎಂದಳು ಅಕ್ಕ ಒಳಗಿನಿಂದ, ಅದೇ ಕ್ಷಣಕ್ಕೆ.

ಫೋಟೋವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಬೆರಳು ಮಸುಕೇ. ನಮ್ಮಲ್ಲಿ ಯಾರೋ ಒಬ್ಬಳು ಇನ್ನೊಬ್ಬಳ ತಪ್ಪನ್ನು ಇಷ್ಟು ವರ್ಷ ಹೊತ್ತಿದ್ದಾಳೆ. ಯಾರೆಂದು ಗೊತ್ತಿಲ್ಲ. ಮರಿಗಳನ್ನು ಒಯ್ದದ್ದು ಬೆಕ್ಕೋ, ಕಾಗೆಯೋ, ಹಾವೋ ಗೊತ್ತಿಲ್ಲ. ಆ ಮೂರು ಎಲೆ ಇದ್ದಿದ್ದರೆ ಅವು ಉಳಿಯುತ್ತಿದ್ದವೋ ಏನೋ, ಅದೂ ನನಗೆ ಗೊತ್ತಿಲ್ಲ.