ನಮ್ಮ ವೆಬ್‌ಸೈಟಿಗೊಬ್ಬ ಗೌರವಾಧ್ಯಕ್ಷ

ಗೆಳೆಯರೇ, ಬಸವನ ಬಾಗೇವಾಡಿಯ ರಸ್ತೆ, ನಳ, ಚರಂಡಿಗಳ ದೂರನ್ನು ಫೋಟೋ ಸಮೇತ ವೆಬ್‌ಸೈಟಿಗೆ ಹಾಕುವ ನಮ್ಮ ಬಳಗ ಇವತ್ತು ಪದಾಧಿಕಾರಿಗಳನ್ನು ಆರಿಸಿತು. ಗೌರವಾಧ್ಯಕ್ಷರಾದವರು, ಪೈಪು ಹಾಕಲೆಂದು ನಮ್ಮ ಓಣಿ ಅಗೆದು ಹಾಗೇ ಬಿಟ್ಟುಹೋದ ಗುತ್ತಿಗೆದಾರರು!

“ನಮ್ಮ ಕಂಪ್ಲೇಂಟ್ ಇರೋದ ಇವರ ಮ್ಯಾಲ ಅಲ್ರಿ?” ಎಂದೆ.

“ಅದಕ್ಕ ಮಾಡೇವಿ ತಂಗಿ. ಇನ್ಮ್ಯಾಲೆ ಕಂಪ್ಲೇಂಟ್ ಸೀದಾ ಅವರಿಗೇ ಮುಟ್ಟತಾವು,” ಎಂದರು ಹೊಸ ಕಾರ್ಯದರ್ಶಿ.

ನನಗೂ ಒಂದು ಹುದ್ದೆ ದಯಪಾಲಿಸಿದರು: ಛಾಯಾಚಿತ್ರ ವಿಭಾಗದ ಮುಖ್ಯಸ್ಥೆ. ಹಾರ ಹಾಕಿಕೊಂಡು ನಿಂತ ಗೌರವಾಧ್ಯಕ್ಷರ ಫೋಟೋ ಹೊಡೆಯುವುದೇ ಮೊದಲ ಕೆಲಸ. ವೆಬ್‌ಸೈಟಿನ ಮುಖಪುಟದಲ್ಲಿ ನಮ್ಮ ಓಣಿಯಲ್ಲಿ ಅವರು ಅಗೆದುಬಿಟ್ಟ ತೆಗ್ಗಿನ ಫೋಟೋ ಇತ್ತು.

“ಅದನ್ನ ಕಿತ್ತ ಹಾಕವಾ, ಅಲ್ಲಿ ಸಾಹೇಬ್ರನ್ನ ಕೂಡ್ಸು,” ಎಂದರು ಕಾರ್ಯದರ್ಶಿ. ಕೂಡಿಸಿದೆ.

ಓಣಿಯ ತೆಗ್ಗು ಹಾಗೇ ಇದೆ. ವೆಬ್‌ಸೈಟಿನ ತೆಗ್ಗನ್ನು ಮಾತ್ರ ಗುತ್ತಿಗೆದಾರರು ಇವತ್ತೇ ಮುಚ್ಚಿದರು, ಖುದ್ದು ತಮ್ಮ ಮುಖದಿಂದಲೇ.