ತಾರಸಿಗೆ ಉಸಿರೂದುವ ಚಂದ್ರಮೌಳಿ

ಸೋಮವಾರ, ಬೆಳಗಿನ ಆರು ಗಂಟೆ. ಸಾಲಗಾಮೆಯಲ್ಲಿ ದೇವರಾಜ್ ಕಟ್ಟಿಸುತ್ತಿರುವ ಮನೆಯ ತಾರಸಿಗೆ ಕಾಂಕ್ರೀಟ್ ಬೀಳಲು ಇನ್ನೊಂದು ಗಂಟೆ ಬಾಕಿ. ಸೆಂಟ್ರಿಂಗ್ ಶೀಟುಗಳ ಮೇಲೆ ಕಬ್ಬಿಣದ ಕಂಬಿಗಳ ಜಾಲ, ಅದರ ನಡುವೆ ತೂರಿಕೊಂಡು ಹೋಗುವ ಪ್ಲಾಸ್ಟಿಕ್ ಪೈಪುಗಳು. ಇಬ್ಬನಿಗೆ ಒದ್ದೆಯಾದ ಕಂಬಿಗಳ ಮೇಲೆ ನಲವತ್ತಾರರ ಚಂದ್ರಮೌಳಿ ಮಂಡಿಯೂರಿ, ಫ್ಯಾನ್ ಪೆಟ್ಟಿಗೆಯೊಳಗಿನ ಪೈಪಿಗೆ ಬಾಯಿ ಹಚ್ಚಿ ಕೆನ್ನೆಯುಬ್ಬಿಸಿ ಊದುತ್ತಾರೆ. ಕೆಳಗೆ, ಆಸರೆಗೆ ನಿಲ್ಲಿಸಿದ ಸರ್ವೆ ಕಂಬಗಳ ನಡುವೆ, ಅವರ ಹೆಂಡತಿ ಪ್ರೇಮಕುಮಾರಿ ಅದೇ ಪೈಪಿನ ಇನ್ನೊಂದು ತುದಿಗೆ ಅಂಗೈ ಒಡ್ಡಿ ನಿಂತಿದ್ದಾರೆ.

"ಬಂತು ಕಣ್ರೀ!"

ಬಂದದ್ದು ಗಾಳಿ. ಇವತ್ತು ಗಾಳಿ ಹಾದರೆ ಮುಂದೆ ತಂತಿಯೂ ಹಾದೀತು ಎನ್ನುವುದು ಇವರ ಲೆಕ್ಕ. ಟೆಸ್ಟರು, ಮೀಟರು ಜೇಬಿನಲ್ಲಿಟ್ಟುಕೊಂಡ ಎಲೆಕ್ಟ್ರಿಶಿಯನ್ ಒಬ್ಬ ವಾಲಗದವನಂತೆ ಊದುತ್ತಾ ಕೂತರೆ ನೋಡಿದವರಿಗೆ ನಗು ಬರುವುದು ಸಹಜ. ನಗುವವರು ನಗಲಿ. ಒಮ್ಮೆ ಕಾಂಕ್ರೀಟ್ ಬಿದ್ದ ಮೇಲೆ ಅಳುವ ಸರದಿ ಯಾರದು ಎಂದು ಚಂದ್ರಮೌಳಿಗೆ ಚೆನ್ನಾಗಿ ಗೊತ್ತು.

ಕಟ್ಟಾಯದವರಾದ ಇವರು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಸೋತು, ಚನ್ನರಾಯಪಟ್ಟಣದ ಗಂಗಯ್ಯ ಎಂಬ ಹಳೆಯ ಕೆಲಸಗಾರರ ಕೈಕೆಳಗೆ ಸೇರಿದವರು. ಮೊದಲೆರಡು ವರ್ಷ ತಂತಿಯನ್ನು ಮುಟ್ಟಲೂ ಬಿಡಲಿಲ್ಲವಂತೆ. ಸುತ್ತಿಗೆ, ಉಳಿ ಹಿಡಿದು ಗೋಡೆ ಕೊರೆಯುವುದೇ ಕೆಲಸ. ಎಡಗೈ ಹೆಬ್ಬೆರಳಿನ ಉಗುರು ಅವತ್ತು ಹೋದದ್ದು ಇವತ್ತಿಗೂ ನೆಟ್ಟಗೆ ಬಂದಿಲ್ಲ. ಹಾಸನ, ಅರಕಲಗೂಡು, ಹೊಳೆನರಸೀಪುರದ ಸುತ್ತಮುತ್ತ ಇದುವರೆಗೆ ಮುನ್ನೂರರ ಹತ್ತಿರ ತಾರಸಿಗಳಿಗೆ ಪೈಪು ಹಾಸಿದ್ದಾರೆ. ಎಂಟು ವರ್ಷದಿಂದ ಪ್ರೇಮಕುಮಾರಿಯೂ ಜೊತೆಗಿದ್ದಾರೆ. "ಎಂಗಸ್ರಿಗ್ಯಾಕೆ ಕರೆಂಟ್ ಕೆಲ್ಸ ಅಂತಾರೆ. ಕರೆಂಟ್‌ಗೆ ಗಂಡ್ಯಾವ್ದು ಎಣ್ಯಾವ್ದು ಅಂತ ಗೊತ್ತಾಯ್ತದಾ ಸಾ? ಮುಟ್ಟಿದ್ರೆ ಯಾರ್ಗಾದ್ರೂ ಒಡೀತದೆ" ಎನ್ನುತ್ತಾರೆ ಅವರು.

ಈ ಮನೆಯಲ್ಲಿ ಹದಿನಾಲ್ಕು ಪೆಟ್ಟಿಗೆ. ಹನ್ನೆರಡರಲ್ಲಿ ಗಾಳಿ ಸಲೀಸಾಗಿ ಹೋಯಿತು. ಹದಿಮೂರನೆಯದು ದೇವರಾಜ್ ಅವರ ತಾಯಿ ದೊಡ್ಡತಾಯಮ್ಮನ ಕೋಣೆಯದು. ಚಂದ್ರಮೌಳಿ ಊದಿದರು. ಕೆಳಗಿನಿಂದ ಸದ್ದಿಲ್ಲ. ಕಣ್ಣು ಕೆಂಪಾಗುವಷ್ಟು ಊದಿದರು.

"ಇಲ್ಲ ಕಣ್ರೀ. ಅಂಗೈ ತಣ್ಣಗೂ ಆಗ್ಲಿಲ್ಲ."

ಗಂಟೆ ಏಳು ದಾಟಿದೆ. ಏಳೂವರೆಗೆ ರಾಹುಕಾಲ. ಅಷ್ಟರೊಳಗೆ ಮೊದಲ ಬಾಂಡಲಿ ಬೀಳಲೇಬೇಕು ಎಂದು ದೇವರಾಜ್ ಗಡಿಯಾರ ನೋಡುತ್ತಿದ್ದಾರೆ. ಗಾರೆ ಮೇಸ್ತ್ರಿ ಮಂಜುನಾಥ, ಕಾಂಕ್ರೀಟ್ ಕಲಸುವ ಮಿಲ್ಲರ್ ತಿರುಗಿಸಲು ಹೇಳಿಯೇಬಿಟ್ಟರು. "ಒಂದ್ ಪೈಪ್‌ಗೋಸ್ಕರ ಇಪ್ಪತ್ತ್ ಜನ ಕೈ ಕಟ್ಕಂಡ್ ಕೂರಬೇಕೇನಯ್ಯ? ಆಮ್ಯಾಕೆ ಗ್ವಾಡೆ ಮ್ಯಾಲೆ ಪಟ್ಟಿ ಒಡ್ದು ವೈರ್ ಎಳ್ಕೊ."

"ನೀನು ಆ ಮೂಲೆಯಿಂದ ಸುರಿಸ್ಕೊಂಡ್ ಬಾ ಮಂಜಣ್ಣ, ಬ್ಯಾಡ ಅನ್ನಾಕಿಲ್ಲ. ಈ ಕ್ವಾಣೆ ತಾವ ಮಾತ್ರ ನಾನ್ ಏಳಾಗಂಟ ಬರ್ಬ್ಯಾಡ" ಎಂದ ಚಂದ್ರಮೌಳಿ, ಪೈಪಿನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಈ ಹಟಕ್ಕೊಂದು ಹಿನ್ನೆಲೆಯಿದೆ. ಹನ್ನೊಂದು ವರ್ಷದ ಹಿಂದೆ ಹೊಳೆನರಸೀಪುರದಲ್ಲಿ ಹೀಗೇ ರಾಹುಕಾಲದ ಅವಸರ. ಅವತ್ತು ಇವರು ಊದಿ ನೋಡಲಿಲ್ಲ. ಒಂದು ಪೈಪಿನೊಳಗೆ ಸಿಮೆಂಟ್ ಹಾಲು ಇಳಿದು ಗಟ್ಟಿಯಾಯಿತು. ಅದು ಆ ಮನೆಯ ಹಿರಿಯರಾದ ಗಂಗಾಂಬಿಕೆಯವರ ಕೋಣೆಯ ಪೈಪು. ಆಮೇಲೆ ಸರಿಮಾಡಿದರಾಯಿತು ಎಂದು ನಡುಮನೆಯಿಂದ ಹೊಸ್ತಿಲ ಮೇಲೇ ಒಂದು ವೈರ್ ಎಳೆದು ದೀಪ ಹಚ್ಚಿಕೊಟ್ಟರು. ಒಕ್ಕಲಾಗಿ ಎಂಟು ದಿನಕ್ಕೆ ಆ ವೈರಿಗೇ ಎಡವಿ ಬಿದ್ದು ಗಂಗಾಂಬಿಕೆಯವರ ಸೊಂಟ ಮುರಿಯಿತು.

"ಎಳನೀರ್ ಇಡ್ಕಂಡು ಆಸ್ಪತ್ರೆಗೋದೆ ಸಾ. ಬೈಸ್ಕೊಳಾಕೇ ಓಗಿದ್ದೆ. ಆಯಮ್ಮ, ಕಾಂಕ್ರೀಟ್ ಒಳಗಿಂದು ನಿನ್ಗೇನ್ ಕಂಡೀತು ಮಗಾ, ಅಂದ್ಬುಟ್ರು. ಬೈದಿದ್ರೆ ಮರ್ತ್‌ಬುಡ್ತಿದ್ನೇನೋ. ಬೈಲಿಲ್ಲ ನೋಡಿ, ಅದ್ಕೇ ಉಳ್ಕಂಡೈತೆ."

ಅದೇ ವಾರ ಬೇರೆ ದಾರಿಯಲ್ಲಿ ಗೋಡೆ ಕೊರೆದು, ಕೂಲಿ ಮುಟ್ಟದೆ ಆ ಕೋಣೆಗೆ ತಂತಿ ತಂದರು. ಗಂಗಾಂಬಿಕೆ ಮನೆಗೆ ಬಂದು, ಬಾಗಿದ ಸೊಂಟದಲ್ಲಿ ಕೈ ಚಾಚಿದರೆ ಹೊಸ ಸ್ವಿಚ್ಚು ಎಟುಕಲಿಲ್ಲ. ಮತ್ತೆ ಒಡೆದು ಒಂದಡಿ ಕೆಳಗಿಳಿಸಿಕೊಟ್ಟರು. ಅಂದಿನಿಂದ ಎರಡು ಪದ್ಧತಿ. ಊದಿ ನೋಡದೆ ಕಾಂಕ್ರೀಟ್ ಬೀಳಬಾರದು. ಹಿರಿಯರ ಕೋಣೆಯ ಸ್ವಿಚ್ಚಿನ ಎತ್ತರವನ್ನು ಟೇಪು ಹೇಳಬಾರದು, ಅವರ ಕೈಯೇ ಹೇಳಬೇಕು.

ಇತ್ತ ಸಾಲಗಾಮೆಯಲ್ಲಿ ರಾಹುಕಾಲಕ್ಕೆ ಹತ್ತು ನಿಮಿಷ ಮೊದಲೇ ಆ ಮೂಲೆಗೆ ಮೊದಲ ಬಾಂಡಲಿ ಬಿತ್ತು. ಕಾಂಕ್ರೀಟು ಬಾಂಡಲಿ ಬಾಂಡಲಿಯಾಗಿ ಇವರತ್ತ ಬರುತ್ತಿದೆ. ಚಂದ್ರಮೌಳಿ ತಲೆಯೆತ್ತಲಿಲ್ಲ. ಪೈಪಿನುದ್ದಕ್ಕೂ ಬೆರಳಾಡಿಸುತ್ತಾ ಹೋಗಿ, ಕಂಬಿಯ ಅಡಿಯಲ್ಲಿ ತಿರುವಿನ ತುಂಡೊಂದು ಯಾರದೋ ತುಳಿತಕ್ಕೆ ಅಪ್ಪಚ್ಚಿಯಾಗಿರುವುದನ್ನು ಹಿಡಿದರು. ಕಟ್ಟುತಂತಿ ಬಿಚ್ಚಿ, ಕಂಬಿ ಎತ್ತಿ, ಪೈಪು ಕುಯ್ದು, ಹೊಸ ತಿರುವಿಗೆ ಅಂಟು ಸವರಿ ಕೂರಿಸುವ ಹೊತ್ತಿಗೆ ಕಾಂಕ್ರೀಟು ಒಂದು ಮಾರು ದೂರದಲ್ಲಿದೆ. ತುಂಬಿದ ಬಾಂಡಲಿ ಹಿಡಿದವರು ಸಾಲಾಗಿ ನಿಂತಿದ್ದಾರೆ. ಮೇಸ್ತ್ರಿ ಏನೋ ಗೊಣಗಿದರು. ಚಂದ್ರಮೌಳಿ ಬಗ್ಗಿ ಊದಿದರು.

"ಬಂತು! ಬಂತು ಕಣ್ರೀ!"

ಹದಿನಾಲ್ಕನೆಯದೂ ಸರಿಯಿತ್ತು. ಪೆಟ್ಟಿಗೆಗಳ ಬಾಯಿಗೆಲ್ಲ ಕಾಗದ ತುರುಕಿ, ಎದ್ದು ದಾರಿ ಬಿಟ್ಟರು. ಅದುವರೆಗೆ ಗೊಣಗುತ್ತಿದ್ದ ಮಂಜುನಾಥ ಮೇಸ್ತ್ರಿಯೇ, "ಯಾವನ್ಲಾ ಅವ್ನು ತುಳ್ದಿದ್ದು? ನೋಡ್ಕಂಡ್ ಓಡಾಡ್ರಲಾ" ಎಂದು ತಮ್ಮ ಆಳುಗಳನ್ನು ಗದರಿಸಿದರು.

ಮೂರು ವಾರದ ನಂತರ ಸೆಂಟ್ರಿಂಗ್ ಬಿಚ್ಚಿದೆ. ದೊಡ್ಡತಾಯಮ್ಮನ ಕೋಣೆಯ ಸೂರಿನ ಪೈಪಿಗೆ ತೂರಿಸಿದ, ತಂತಿ ಎಳೆಯುವ ಉಕ್ಕಿನ ಸ್ಪ್ರಿಂಗು ಎಲ್ಲೂ ತಡೆಯದೆ ಗೋಡೆಯ ಕಡೆ ತಲೆ ಹಾಕಿದಾಗ ಪ್ರೇಮಕುಮಾರಿಯ ಮುಖದಲ್ಲೂ ನಗು. ಎಪ್ಪತ್ತೆಂಟರ ದೊಡ್ಡತಾಯಮ್ಮ ಬರಿಗೋಡೆಗೆ ಅಂಗೈ ಊರಿದರು. ಚಂದ್ರಮೌಳಿ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

"ಇಷ್ಟ್ ತಗ್ಗಾಕಿದ್ರೆ ನೋಡ್ದೋರು ನಗಾಕಿಲ್ವೇನಪ್ಪ, ಕರೆಂಟ್ನೋನೇ?"

"ನಗ್ಲಿ ಬುಡವ್ವ. ಕತ್ಲಲ್ಲಿ ಎದ್ದೇಳೋಳು ನೀನು, ಅವ್ರಲ್ಲ."

ಇಷ್ಟೆಲ್ಲ ಮಾಡಿದವರಿಗೆ ಏನಾದರೂ ಆಸೆಯಿದೆಯೇ? ಚಂದ್ರಮೌಳಿ ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. "ಈ ಮನೆ ಕರೆಂಟ್ ಕೆಲ್ಸ ಮಾಡ್ದೋನು ಯಾರು ಅಂತ ಯಾರೂ ಕೇಳ್ದಂಗಿರ್ಬೇಕು ಸಾ. ಕೇಳಿದ್ರು ಅಂದ್ರೆ ಎಲ್ಲೋ ಏನೋ ಕೆಟ್ಟೈತೆ ಅಂತ್ಲೇ ಅರ್ಥ."

ಗೋಡೆಯ ಮೇಲಿನ ಕೈಗುರುತನ್ನೇ ನೋಡುತ್ತಿದ್ದ ದೊಡ್ಡತಾಯಮ್ಮ ಇತ್ತ ತಿರುಗಿದರು.

"ನಿನ್ನ ಎಸ್ರೇನಪ್ಪ?"

"ಚಂದ್ರಮೌಳಿ ಕಣವ್ವ. ಯಾಕೆ, ಏನಾಯ್ತು?"

"ಏನೂ ಕೆಟ್ಟಿಲ್ಲ ಕಣ್ಮಗಾ. ಅಂಗೇ ಕೇಳ್ದೆ."