ಆರನೆಯ ಡಬ್ಬಿ

ವಿಜ್ಞಾನ ಕಾಲೇಜಿನಲ್ಲಿ ಎಲ್ಲರೂ ಆಕೆಯನ್ನು ಫ್ರೀಜರ್ ಅಕ್ಕ ಎಂದೇ ಕರೆಯುತ್ತಿದ್ದರು. ಹೊರಗೆ ಬಿಸಿಲು ಧಗಧಗಿಸುತ್ತಿದ್ದರೂ ಸ್ವೆಟರ್ ತೊಟ್ಟು ಓಡಾಡುವ ಹೆಂಗಸು. ಇಪ್ಪತ್ತೆಂಟು ವರ್ಷಗಳಿಂದ ನೆಲಮಹಡಿಯ ಸಲಕರಣೆ ಕೋಣೆ ಆಕೆಯ ಸುಪರ್ದಿಯಲ್ಲಿತ್ತು. ಐದು ವಿಭಾಗಗಳಿಗೂ ಸೇರಿ ಅಲ್ಲಿದ್ದದ್ದು ಒಂದೇ ದೊಡ್ಡ ಫ್ರೀಜರು. ಮೈನಸ್ ಎಂಬತ್ತು ಡಿಗ್ರಿ ಚಳಿಯಲ್ಲಿ ಯಾವ ಡಬ್ಬಿ ಯಾರದು, ಯಾವಾಗಿನಿಂದ ಇದೆ ಎಂಬುದೆಲ್ಲ ಆಕೆಗೆ ಬಾಯಿಪಾಠ.

ಆ ಸೋಮವಾರ ಬೆಳಿಗ್ಗೆ ಬೀಗ ತೆಗೆದಾಗ ಕೋಣೆ ಬಿಕೋ ಎನ್ನುತ್ತಿತ್ತು. ಸದಾ ಗುಂಯ್‌ಗುಡುವ ಯಂತ್ರ ಉಸಿರು ನಿಲ್ಲಿಸಿತ್ತು. ಪರದೆಯ ಮೇಲೆ ಮೈನಸ್ ನಲವತ್ತೆರಡು. ನೋಡನೋಡುತ್ತಿದ್ದಂತೆ ನಲವತ್ತೊಂದಾಯಿತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ಕಂಪ್ರೆಸರ್ ಹೋಗಿರ್ಬೇಕು ಮೇಡಂ. ನಾಳೆ ಮಧ್ಯಾಹ್ನದ ತನಕ ಬರೋಕಾಗಲ್ಲ" ಎಂದ. ಊರಾಚೆಯ ವೈದ್ಯಕೀಯ ಕಾಲೇಜಿನ ಗೆಳತಿ ಮಾತ್ರ ಕೈ ಹಿಡಿದಳು: "ಆರು ಡಬ್ಬಿಗೆ ಜಾಗ ಇದೆ. ಬೇಗ ತಗೊಂಡು ಬಾರೇ."

ಸಾಧಾರಣ ಫ್ರೀಜರಿನಲ್ಲಿ ಬದುಕುವಂಥವನ್ನೆಲ್ಲ ಬದಿಗಿಟ್ಟು ಲೆಕ್ಕ ಹಾಕಿದಳು. ಮೈನಸ್ ಮೂವತ್ತು ದಾಟಿದರೆ ಕೆಡುವ ಡಬ್ಬಿಗಳು ಏಳು. ಐದರಲ್ಲಿ ಕೆರೆಯೊಂದರ ತಳದ ಕೆಸರು. ಭೌತಶಾಸ್ತ್ರದವರು ಅದರ ಪದರಗಳ ವಯಸ್ಸು ಹೇಳಬೇಕು, ರಸಾಯನಶಾಸ್ತ್ರದವರು ವಿಷ ಅಳೆಯಬೇಕು, ಪ್ರಾಣಿಶಾಸ್ತ್ರದವರು ಹಿಂದೆ ಇದ್ದ ಮೀನುಗಳ ಸುಳಿವು ಹುಡುಕಬೇಕು. ಆ ಮೂವರೂ ಅಂದು ಊರಲ್ಲಿರಲಿಲ್ಲ. ಆರನೆಯದು ಜೀವರಸಾಯನ ವಿಭಾಗದ ಮುಖ್ಯಸ್ಥರ ಪ್ರೋಟೀನು. ಏಳನೆಯದು ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ, ಆಕೆಯ ಸ್ವಂತ ತಂಗಿಯ ಮಗಳು ಕೂಡಿಟ್ಟ ಹೂಮೊಗ್ಗು.

ಸುದ್ದಿ ತಿಳಿದು ಮುಖ್ಯಸ್ಥರು ಏದುಸಿರು ಬಿಡುತ್ತ ಬಂದರು. "ಆ ಕೆಸರು ಆಚೆ ಹಾಕಮ್ಮ. ಕೆಸರು ಎಲ್ಲಿ ಬೇಕಾದ್ರೂ ಸಿಗುತ್ತೆ!"

"ಆ ಕೆರೇನೇ ಈಗಿಲ್ಲ ಸಾರ್. ಮುಚ್ಚಿ ಬಸ್ ಡಿಪೋ ಕಟ್ಟಿದಾರೆ."

ಅಷ್ಟರಲ್ಲಿ ಹುಡುಗಿಯೂ ಬಂದು ಬಾಗಿಲಲ್ಲಿ ನಿಂತಳು. ಮುಖ್ಯಸ್ಥರು ಅವಳನ್ನೊಮ್ಮೆ ನೋಡಿದರು. "ಸರಿ ಬಿಡಿ. ಉಳಿದ ಜಾಗ ಯಾರಿಗೆ ಅನ್ನೋದು ಗೊತ್ತಾಯ್ತು."

ಮಾತು ಚುರುಕ್ಕೆಂದಿತು. ಆಕೆ ಪರದೆಯತ್ತ ತಿರುಗಿದಳು. ಮೈನಸ್ ಮೂವತ್ತಾರು.

"ನಿಮ್ಮದು ಮತ್ತೆ ತಯಾರು ಮಾಡೋಕೆ ಎಷ್ಟು ದಿನ ಬೇಕು ಸಾರ್?"

"ದಿನ ಅಲ್ಲಮ್ಮ, ಎರಡು ವರ್ಷ."

"ನಿಂದು?"

"ಮುಂದಿನ ಸಲ ಮೊಗ್ಗು ಬಿಡೋ ತನಕ ಕಾಯ್ಬೇಕು. ಒಂದು ವರ್ಷ." ಹುಡುಗಿ ಹತ್ತಿರ ಬಂದಳು. "ದೊಡ್ಡಮ್ಮ, ನಾಲ್ಕು ತಿಂಗಳಲ್ಲಿ ಪ್ರಬಂಧ ಕೊಡ್ಬೇಕು. ನಂದು ಚಿಕ್ಕ ಡಬ್ಬಿ, ಹೇಗಾದ್ರೂ ಒತ್ತಿ ಇಡು."

ಒತ್ತಿದರೆ ಮುಚ್ಚಳ ಕೂರುವುದಿಲ್ಲ, ಆರೂ ಹಾಳಾಗುತ್ತವೆ. ಆಕೆ ಇದ್ದಷ್ಟೂ ಡ್ರೈ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಐದು ಡಬ್ಬಿ ಕೆಸರಿಟ್ಟಳು, ಪಕ್ಕದಲ್ಲಿ ಮುಖ್ಯಸ್ಥರದನ್ನಿಟ್ಟು ಮುಚ್ಚಳ ಅದುಮಿದಳು. ಆಟೋ ಹತ್ತುವಾಗ ಆಕೆ ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಮನಸ್ಸು ತಡೆಯುತ್ತಿರಲಿಲ್ಲ.

ಮರುದಿನ ಯಂತ್ರ ರಿಪೇರಿಯಾಯಿತು. ಹುಡುಗಿಯ ಡಬ್ಬಿ ಮಾತ್ರ ಕೆಲಸಕ್ಕೆ ಬಾರದಂತಾಗಿತ್ತು. ನಾಲ್ಕು ತಿಂಗಳು ಅವಳು ದೊಡ್ಡಮ್ಮನ ಮನೆಯ ಕಡೆ ತಲೆ ಹಾಕಲಿಲ್ಲ. ತಂಗಿ ಫೋನಿನಲ್ಲಿ ಅತ್ತಳು: "ಎಲ್ಲಾ ನಿನ್ನ ಕೈಯಲ್ಲೇ ಇತ್ತಲ್ಲಕ್ಕ."

"ಇತ್ತು ಕಣೇ. ಅದಕ್ಕೇ ಕಷ್ಟ ಆಗಿದ್ದು."

ಆದರೆ ಒಂದು ಅನುಮಾನ ಆಕೆಯನ್ನು ಬಹಳ ದಿನ ಕೊರೆಯಿತು. ತಾನು ಮಾಡಿದ್ದು ನ್ಯಾಯಕ್ಕೋ, ಇಲ್ಲ ಆ ಮುಖ್ಯಸ್ಥರ ನಾಲಿಗೆಗೆ ಹೆದರಿಯೋ?

ಹುಡುಗಿ ಒಂದು ವರ್ಷ ತಡವಾಗಿ ಪ್ರಬಂಧ ಮುಗಿಸಿದಳು. ಅಷ್ಟರೊಳಗೆ ಕೆಸರಿನ ತಳಪದರದಲ್ಲಿ, ಆ ಕೆರೆಯಲ್ಲಿ ಯಾರೂ ಕಂಡರಿಯದ ಮೀನೊಂದರ ಸುಳಿವು ಸಿಕ್ಕಿ, ಮೂರು ವಿಭಾಗದವರೂ ಸೇರಿ ಲೇಖನ ಬರೆದಿದ್ದರು. ಅದನ್ನೋದಿದ ದಿನ ಹುಡುಗಿ ಸಲಕರಣೆ ಕೋಣೆಗೆ ಬಂದು ಸ್ಟೂಲಿನ ಮೇಲೆ ಕುಳಿತಳು.

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ ನನ್ನ ಡಬ್ಬೀನೇ ಇಡ್ತಿದ್ದೆ ದೊಡ್ಡಮ್ಮ. ಈಗ್ಲೂ ಅಷ್ಟೇ."

"ಗೊತ್ತು ಬಿಡು," ಎಂದಳು ಆಕೆ. "ಊಟ ಆಯ್ತಾ?"